ಒಂದು ಪಾದದಷ್ಟು ಒತ್ತಡ

ಮಂಡಿ ಮೊಹಲ್ಲಾದ ಸಿದ್ದೇಶ ಎತ್ತಲಾರದ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಕಬ್ಬು ತುಂಬಿದ ಲಾರಿ ಎತ್ತಿದ್ದ, ಕೆಸರಿನಲ್ಲಿ ಹೂತ ಜೆಸಿಬಿ ಎತ್ತಿದ್ದ, ಕುಸಿಯುತ್ತಿದ್ದ ಮದುವೆ ಛತ್ರದ ಚಾವಣಿಯನ್ನು ಊಟದ ಎರಡನೇ ಪಂಕ್ತಿ ಮುಗಿಯುವ ತನಕ ಎತ್ತಿ ಹಿಡಿದಿದ್ದ. ಅವನ ಅಂಗಡಿಯ ಜಾಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಚಾಮುಂಡಿ ಬೆಟ್ಟವೇ ಮೇಲೆದ್ದು, ಅದರ ಅಡಿಯಿಂದ ಬಗ್ಗಿ ನೋಡಿದ ನಂಜನಗೂಡಿನವರಿಗೆ ಅರಮನೆ ಕಾಣುತ್ತಿತ್ತು. ಈ ಶಕ್ತಿ ಅವನ ತೋಳಿನದಲ್ಲ, ಎಣ್ಣೆಯದು. ಪೈಪಿನೊಳಗಿನ ಎಣ್ಣೆಯನ್ನು ಈ ತುದಿಯಲ್ಲಿ ಒತ್ತಿದರೆ ಆ ತುದಿಯಲ್ಲಿ ಲೋಕ ಏಳುತ್ತದೆ. ಹೈಡ್ರಾಲಿಕ್ ಕೆಲಸವೆಂದರೆ ಅಷ್ಟೆ.

ಇಂಥ ಗಂಡುಗಲಿ, ಒಂದು ಮಧ್ಯಾಹ್ನ ಕಾಟನ್ ಚೂಡಿದಾರದ ಹುಡುಗಿಯೊಬ್ಬಳು ಕೈಯಲ್ಲಿ ಫೈಲು ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತದ್ದನ್ನು ಕಂಡು ನಡುಗಿಬಿಟ್ಟ.

"ಮೇಡಂ, ಚರಂಡಿಗೆ ಎಣ್ಣೆ ಬುಟ್ಟೋರು ನಾವಲ್ಲ. ಪಕ್ಕದ ಅಂಗಡಿಯೋರು."

"ನಾನು ಕಾರ್ಪೊರೇಶನ್‌ನೋಳಲ್ಲ," ಎಂದಳು ಅವಳು. ಆಮೇಲೆ ಚರಂಡಿಯನ್ನು ನೋಡಿದಳು, ಎಣ್ಣೆಯ ಜಾಡು ಹಿಡಿದು ಕಣ್ಣು ಸರಿಸುತ್ತ ಸರಿಸುತ್ತ ಅವನ ಬೂಟಿನ ತನಕ ಬಂದಳು. "ಆದ್ರೆ ಪಕ್ಕದ ಅಂಗಡಿಯೋರು ಪಾಪ, ಒಳ್ಳೇವ್ರು ಅನ್ಸುತ್ತೆ," ಎಂದು ನಕ್ಕಳು.

ಆ ನಗು ಇತ್ತಲ್ಲ, ಅದನ್ನು ಒಂದು ಸಿಲಿಂಡರಿನಲ್ಲಿ ತುಂಬಿ ಮುಚ್ಚಿಟ್ಟಿದ್ದರೆ ಅರ್ಧ ಮೈಸೂರಿಗೆ ಒಂದು ತಿಂಗಳು ಕರೆಂಟು ಬೇಕಾಗುತ್ತಿರಲಿಲ್ಲ.

ಅವಳು ಧರಣಿ. ಬೋಗಾದಿಯಲ್ಲಿ ಬಾಡಿಗೆ ಮನೆ, ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಹೇಗೆ ಸದ್ದಿಲ್ಲದೆ ಕೊಲ್ಲುತ್ತದೆ ಎಂಬುದು ಅವಳ ಸಂಶೋಧನೆ. ಸ್ಪರ್ಶ ಸತ್ತ ಪಾದಗಳಿಗೆಂದು ಅವಳ ತಂಡ ಮೆತ್ತನೆಯ ಚಪ್ಪಲಿ ಅಟ್ಟೆಗಳನ್ನು ಮಾಡುತ್ತಿತ್ತು. ಅವು ಎಷ್ಟು ಕಾಲ ತಾಳುತ್ತವೆಂದು ನೋಡಲು ಹಗಲಿಡೀ ನಡೆಯುವ ಒಂದು ಯಂತ್ರದ ಕಾಲು ಬೇಕಿತ್ತು.

"ಎಷ್ಟು ಟನ್ ಎತ್ಬೇಕು ಹೇಳಿ," ಎಂದ ಸಿದ್ದೇಶ, ಎದೆಯುಬ್ಬಿಸಿ.

"ಏನೂ ಎತ್ಬೇಡಿ. ಒತ್ತಬೇಕು. ಒಂದು ಪಾದ ಎಷ್ಟು ಒತ್ತುತ್ತೋ ಅಷ್ಟೇ. ಹಿಮ್ಮಡಿ ಮೊದಲು, ಬೆರಳು ಆಮೇಲೆ. ನಿಮ್ಮ ಎಣ್ಣೆಗೆ ಅಷ್ಟು ಮೆತ್ತಗೆ ಇರೋಕೆ ಬರುತ್ತಾ?"

ಬೆಟ್ಟ ಎತ್ತುವವನಿಗೆ ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಒಳಗಿನಿಂದ ಮನೋಹರ್ ಕೆಮ್ಮಿದ. ಮನೋಹರ್ ಎಂದರೆ ಅಂಗಡಿಯ ಪಾಲುದಾರ, ವೆಲ್ಡಿಂಗ್ ಮಾಡುವವನು, ಸಿದ್ದೇಶನಿಗಿಂತ ಹತ್ತು ವರ್ಷ ದೊಡ್ಡವನು. ನಾಲಗೆಯಲ್ಲೂ ವೆಲ್ಡಿಂಗ್ ರಾಡು ಇಟ್ಟುಕೊಂಡವನು.

"ಬರ್ತದೆ ಕಣಮ್ಮ," ಎಂದ ಮನೋಹರ್. "ಎಣ್ಣೆ ಆಗ್ಲೇ ಮೆತ್ತಗಾಗೋಯ್ತು. ಮುಖ ನೋಡಿ."

ಯಂತ್ರ ಮೂರು ವಾರದಲ್ಲಿ ಮುಗಿಯಬಹುದಿತ್ತು. ಸಿದ್ದೇಶ ಅದನ್ನು ಮೂರು ತಿಂಗಳಿಗೆ ಎಳೆದ. ವಾಲ್ವು ಸರಿಯಿಲ್ಲವೆಂದ, ರಬ್ಬರ್ ಸೀಲು ಬರಬೇಕೆಂದ, ಅಮಾವಾಸ್ಯೆ ಎಂದ. ಪ್ರತಿ ಸಲವೂ ಧರಣಿ ಬಂದು ಸ್ಟೂಲಿನ ಮೇಲೆ ಕೂತು, ಮನೋಹರ್ ತರಿಸಿದ ಸಕ್ಕರೆ ಇಲ್ಲದ ಟೀ ಕುಡಿದು, ಉಕ್ಕಿನ ಆ ಪಾದ ಇಳಿಯುವುದನ್ನು ನೋಡುತ್ತಿದ್ದಳು.

"ಇದು ಕೋಪ ಬಂದ ಅತ್ತೆ ನಡೆದ ಹಾಗಿದೆ. ಇನ್ನೂ ಮೆತ್ತಗೆ."

ಅವನು ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ.

"ಈಗ ಸೊಸೆ ಕದ್ದು ಹಾಲು ಕುಡಿಯೋಕೆ ಹೊರಟ ಹಾಗಿದೆ. ಸ್ವಲ್ಪ ಭಾರ ಬೇಕು."

"ಮೇಡಂ, ನೀವೇ ಒಂದ್ಸಲ ನಡೆದು ತೋರ್ಸಿ. ಅಂಗೇ ಮಾಡ್ತೀನಿ."

ಅವಳು ಎದ್ದು, ಚಪ್ಪಲಿ ಬಿಟ್ಟು, ಗ್ರೀಸು ಮೆತ್ತಿದ ನೆಲದ ಮೇಲೆ ಹಾಸಿದ ರಟ್ಟಿನ ಉದ್ದಕ್ಕೂ ನಡೆದಳು. ಕೊನೆಯಲ್ಲಿ ತಿರುಗಿ ನೋಡಿದಳು. ನೋಡಬೇಕಾದ ಪಾದ ಬಿಟ್ಟು ಅವನು ಬೇರೆಲ್ಲೋ ನೋಡುತ್ತಿದ್ದುದನ್ನು ಕಂಡಳು. ಕಂಡೂ ಒಂದು ಕ್ಷಣ ಹೆಚ್ಚಿಗೆ ಹಾಗೆಯೇ ನಿಂತಳು. ಆ ಕ್ಷಣದಲ್ಲಿ ಅಂಗಡಿಯಲ್ಲಿ ಒತ್ತಡ ತೋರಿಸುವ ಗೇಜುಗಳ ಮುಳ್ಳುಗಳೆಲ್ಲ ಕೆಂಪು ಗೆರೆ ದಾಟಿದವು.

ಇಷ್ಟರಲ್ಲಿ ಒಂದು ದಿನ ಅವಳು ಬಾಯಿ ತೆರೆದು ಕೇಳಿಯೇಬಿಟ್ಟಳು: "ಶುಗರ್ ಇಲ್ಲದೋರ ಪಾದಾನೂ ನಮಗೆ ಬೇಕು, ಹೋಲಿಸಿ ನೋಡೋಕೆ. ನಿಮ್ಮಿಬ್ಬರಲ್ಲಿ ಯಾರಾದ್ರೂ ಬರ್ತೀರಾ?"

"ನಂಗೆ ಐತೆ ಕಣಮ್ಮ," ಮನೋಹರ್ ಹೆಮ್ಮೆಯಿಂದ ಹೇಳಿದ. "ನಮ್ಮಪ್ಪ ಬಿಟ್ಟೋದ ಆಸ್ತಿ ಅದೊಂದೇ. ಇವನ್ನ ತಗೊಳ್ಳಿ. ಕಬ್ಬಿಣ ಇವನು."

ಕಬ್ಬಿಣ ನಕ್ಕಿತು. ಒಳಗೆ ಬೆವರಿತು.

ಯಾಕೆಂದರೆ ಸೀಲುಗಳ ಡಬ್ಬಿಯ ತಳದಲ್ಲಿ ಸಿದ್ದೇಶನ ಶುಗರ್ ಮಾತ್ರೆಗಳಿದ್ದವು. ನೆನಪಾದ ದಿನ ನುಂಗುತ್ತಿದ್ದ, ಹೆದರಿಕೆಯಾದ ದಿನ ನುಂಗುತ್ತಿರಲಿಲ್ಲ, ನುಂಗಿದರೆ ಕಾಯಿಲೆ ಇದೆಯೆಂದು ಒಪ್ಪಿದಂತಾಗುತ್ತದಲ್ಲ! ಅವನಪ್ಪ ಸಣ್ಣಮಾದಯ್ಯ ಇದೇ ಮಂಡಿಯಲ್ಲಿ ಮೂಟೆ ಹೊತ್ತವನು. ಚಪ್ಪಲಿಯೊಳಗೆ ಹೊಕ್ಕ ಮೊಳೆಯೊಂದನ್ನು ದಿನಗಟ್ಟಲೆ ತುಳಿದುಕೊಂಡೇ ನಡೆದಿದ್ದ, ಗೊತ್ತಾಗದೆ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲು, ಆಮೇಲೆ ಅಪ್ಪ. ತಾಯಿ ಚಿಕ್ಕಮಾದಮ್ಮ ಇವತ್ತಿಗೂ ಬಾಗಿಲ ಮುಂದೆ ಒಂಟಿ ಚಪ್ಪಲಿ ಕಂಡರೆ ಬೆಚ್ಚುತ್ತಾಳೆ. ಈ ಆರು ತಿಂಗಳಿಂದ ಸಿದ್ದೇಶನಿಗೂ ಬಚ್ಚಲಿನ ನೀರು ಕಾಲಿಗೆ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ಬನ್ನಿ, ಬೂಟು ತೆಗೀರಿ," ಎಂದಳು ಧರಣಿ.

"ಅಯ್ಯೋ, ನೀವು ನನ್ನ ಕಾಲು ಮುಟ್ಟೋದಾ? ಬ್ಯಾಡಿ ಮೇಡಂ, ಪಾಪ ಬರ್ತದೆ."

"ಬಂದ್ರೆ ಅರ್ಧರ್ಧ ಹಂಚ್ಕೊಳ್ಳೋಣ. ಕಾಲು ಕೊಡಿ."

ಅವಳ ಬಳಿ ಮೀನಿನ ಗಾಳದ ದಾರದಂಥ ಸಣ್ಣದೊಂದು ನೈಲಾನ್ ಎಳೆಯಿತ್ತು. ಮೊದಲು ಅವನ ಮುಂಗೈಗೆ ಮುಟ್ಟಿಸಿ ತೋರಿಸಿದಳು. ಆ ಒಂದು ಎಳೆ ಮುಟ್ಟಿದ್ದಕ್ಕೆ ಅವನ ಮೈಯಲ್ಲಿ ದಸರಾ ದೀಪಾಲಂಕಾರವೆಲ್ಲ ಹತ್ತಿ ಆರಿತು. "ಹೀಗೇ ಪಾದಕ್ಕೆ ಮುಟ್ಟಿಸ್ತೀನಿ. ಗೊತ್ತಾದಾಗ ಹ್ಞೂಂ ಅನ್ನಿ. ಕಣ್ಮುಚ್ಚಿ."

ಮುಚ್ಚಿದ. ಕಾದ. ಏನೂ ಇಲ್ಲ.

ಅವಳು ಎದುರಿಗೇ ಕೂತಿದ್ದಾಳೆ, ಅವಳ ಉಸಿರು ಮೊಣಕಾಲಿಗೆ ತಾಕುತ್ತಿದೆ, ಆದರೆ ಮೊಣಕಾಲಿನ ಕೆಳಗೆ, ಎಲ್ಲೋ ಒಂದು ಕಡೆ, ಸಿದ್ದೇಶ ಮುಗಿದುಹೋಗಿದ್ದಾನೆ. ಅಲ್ಲಿಂದಾಚೆ ಇರುವುದು ಬೇರೆ ಯಾರದೋ ಕಾಲು. ಆಗ ಅವಳ ಬಳೆ ಸಣ್ಣಗೆ ಸದ್ದು ಮಾಡಿತು.

"ಹ್ಞೂಂ," ಎಂದ.

ಮತ್ತೆ ಬಳೆ. "ಹ್ಞೂಂ." ಮತ್ತೆ. "ಹ್ಞೂಂ." ಹೆದರಿದ ಕಿವಿ ಎಷ್ಟು ಚುರುಕೆಂದರೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ದಾರದ ಸದ್ದೂ ಅವನಿಗೆ ಕೇಳುತ್ತಿತ್ತು. ಕಣ್ಣು ತೆರೆದಾಗ ಧರಣಿ ನಗುತ್ತಿರಲಿಲ್ಲ. ಲಾರಿ ಡ್ರೈವರೊಬ್ಬ ಬಂದು ಜಾಕು ಕೇಳುತ್ತ ಪಕ್ಕದಲ್ಲೇ ನಿಂತಿದ್ದ. ಅವಳು ಎಳೆಯನ್ನು ಪೆಟ್ಟಿಗೆಗೆ ಹಾಕಿದಳು.

"ಎಂಗೆ? ಪಾಸಾ?"

"ನೂರಕ್ಕೆ ನೂರಿಪ್ಪತ್ತು," ಎಂದಳು. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಸೆಂಟರ್‌ಗೆ ಬನ್ನಿ. ಬರಲೇಬೇಕು, ಸಿದ್ದೇಶ್."

ಮೇಡಂ ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. ಅವನು ಸಂಜೆಯ ತನಕ ಮೊಹಲ್ಲಾದ ಎಲ್ಲರಿಗೂ ನೂರಿಪ್ಪತ್ತರ ಸುದ್ದಿ ಸಾರಿದ. ಶಟರು ಎಳೆಯುವಾಗ ಮನೋಹರ್ ಕೇಳಿದ: "ಲೋ, ನೂರಕ್ಕೆ ನೂರು ಸರಿ. ಆ ಮೇಲಿನ ಇಪ್ಪತ್ತು ಎಂಗ್ ಬಂತು ಕಣೋ?"

ಸಿದ್ದೇಶನ ಕೈಯಲ್ಲಿ ಶಟರು ಅರ್ಧಕ್ಕೆ ನಿಂತಿತು. ಅವಳು ಮುಟ್ಟದೇ ಇದ್ದಾಗಲೂ ಬಳೆ ಅಲುಗಿಸಿದ್ದಳು. ಅವನು ಅದಕ್ಕೂ ಹ್ಞೂಂ ಅಂದಿದ್ದ.

ಮರುದಿನ ಅವನು ಸೆಂಟರ್‌ಗೆ ಹೋಗಲಿಲ್ಲ. ಅವಳ ಫೋನು ಬಂದಾಗಲೆಲ್ಲ ಅದು ಹಾವಿನ ಮರಿಯೋ ಎಂಬಂತೆ ಬೆಂಚಿನ ಮೇಲಿಟ್ಟು ದೂರ ನಿಂತ. ಹೋದರೆ ಅವಳು ಹೇಳಿಬಿಡುತ್ತಾಳೆ. ಹೇಳಿದರೆ ನಿಜವಾಗಿಬಿಡುತ್ತದೆ. ಇನ್ನೊಂದು ಹೆದರಿಕೆಯೂ ಇತ್ತು, ಅದು ಕಾಲಿನದಲ್ಲ.

ಮೂರನೆಯ ದಿನ ಧರಣಿಯೇ ಬಂದಳು. ಸ್ಕೂಟರಿನಿಂದ ಇಳಿದ ರಭಸಕ್ಕೆ ಬೀದಿಯ ಕೋಳಿಗಳು ಅಶೋಕಾ ರಸ್ತೆಯ ತನಕ ಓಡಿದವು.

"ಫೋನ್ ಯಾಕೆ ಎತ್ತಲ್ಲ?"

"ಲಾರಿ ಎತ್ತೋದ್ರಲ್ಲಿ ಬಿಜಿ ಇದ್ದೆ."

"ನಿಮ್ಮ ಹತ್ರ ಒಂದು ಮಾತಾಡ್ಬೇಕು. ಒಬ್ಬರ ಹತ್ರಾನೇ."

"ಮೊದ್ಲು ಯಂತ್ರ ನೋಡಿ ಮೇಡಂ, ಇವತ್ತು ಮುಗಿದೋಯ್ತು!" ಎಂದು ಅವನು ಬೆನ್ನು ತಿರುಗಿಸಿ ಪಂಪಿನ ಕಡೆ ನಡೆದ. ಮಾತಿನಿಂದ ತಪ್ಪಿಸಿಕೊಳ್ಳಲು ಸದ್ದು ಬೇಕಿತ್ತು, ದೊಡ್ಡ ಪಂಪನ್ನೇ ಹಾಕಿದ. ಯಂತ್ರಕ್ಕೆ ಜೋಡಿಸುವ ಮುನ್ನ ಹೋಸ್ ಪೈಪಿಗೆ ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟು ನೋಡುವುದು ಈ ಕಸುಬಿನ ಪದ್ಧತಿ. ಅವಸರದಲ್ಲಿ ಬೂಟಿನ ಬದಲು ಹವಾಯಿ ಚಪ್ಪಲಿಯಲ್ಲೇ ಇದ್ದ.

ಗೇಜಿನ ಮುಳ್ಳು ಏರಿತು, ನಿಂತಿತು, ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಸೋರುತ್ತಿದೆ. ಅಂಥ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಕೂದಲಿಗಿಂತ ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೊಕ್ಕುಬಿಡುತ್ತದೆ. ಅದಕ್ಕೇ ಕೈಯಿಂದ ಸವರಿ ಹುಡುಕಬಾರದು, ರಟ್ಟು ಹಿಡಿದು ನೋಡಬೇಕು. ಸಿದ್ದೇಶ ರಟ್ಟು ಹಿಡಿದು ಪೈಪಿನ ಮೇಲ್ಭಾಗವನ್ನೆಲ್ಲ ಹುಡುಕಿದ. ರಟ್ಟು ಒಣಗಿಯೇ ಇತ್ತು.

"ನಿಮ್ಮ ಕಾಲು," ಎಂದಳು ಧರಣಿ.

ಪೈಪಿನ ಬಾಗು ಅವನ ಎಡಪಾದದ ಪಕ್ಕಕ್ಕೇ ಇಳಿದಿತ್ತು. ಪಾದದ ಮೇಲೆ, ಕಿರುಬೆರಳ ಬುಡದಲ್ಲಿ, ಸೊಳ್ಳೆ ಕಚ್ಚಿದಷ್ಟು ಒಂದು ಚುಕ್ಕೆ. ಸುತ್ತ ಎಣ್ಣೆಯ ಮಿನುಗು. ಮನೋಹರ್ ಓಡಿಬಂದು ಪಂಪು ನಿಲ್ಲಿಸಿದ.

"ಎಣ್ಣೆ ಹೊಕ್ತಾ? ಉರೀತಾ ಐತಾ?"

"ಇಲ್ಲ."

"ಬುಡು ಅಂಗಾದ್ರೆ! ಒಳಕ್ಕೋಗಿದ್ರೆ ಬೆಂಕಿ ಬಿದ್ದಂಗೆ ಉರಿದು, ನಿನ್ನ ಕೂಗು ಶ್ರೀರಂಗಪಟ್ಟಣಕ್ಕೆ ಕೇಳ್ತಿತ್ತು. ಮೇಲ್ಮೇಲೆ ತಾಗೈತೆ. ಒರೆಸ್ಕೊ."

ಕಸುಬಿನವರೆಲ್ಲರ ಅನುಭವ ಅದೇ. ಎಣ್ಣೆ ಹೊಕ್ಕವನು ಕೂಗುತ್ತಾನೆ. ಕೂಗದವನಿಗೆ ಹೊಕ್ಕಿಲ್ಲ. ಸಿದ್ದೇಶ ಬಟ್ಟೆ ತೆಗೆದುಕೊಂಡ, ಒರೆಸಿದ, ನಗಲು ನೋಡಿದ. ಆದರೆ ಧರಣಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಚುಕ್ಕೆಯ ಸುತ್ತ ಬೆರಳಿನಿಂದ ಒತ್ತಿ ನೋಡಿದಳು. ಚುಕ್ಕೆಯಿಂದ ಒಂದು ಹನಿ ಎಣ್ಣೆ ಈಚೆ ಬಂತು.

"ಸ್ಕೂಟರ್ ಹತ್ತಿ."

"ಮೇಡಂ, ನೋವೇ ಇಲ್ಲ..."

"ಹತ್ತಿ ಅಂದೆ."

ಆ ದಾರಿ! ಸಯ್ಯಾಜಿರಾವ್ ರಸ್ತೆ ಅವತ್ತು ಬೆಂಗಳೂರಿನ ತನಕ ಉದ್ದವಾಗಿತ್ತು. ಸಿಗ್ನಲ್ಲುಗಳೆಲ್ಲ ಮಾತಾಡಿಕೊಂಡು ಕೆಂಪಾಗಿದ್ದವು. ಇಷ್ಟು ದಿನ ಅವಳ ಸ್ಕೂಟರಿನ ಹಿಂದೆ ಕೂರುವ ಕನಸು ಕಂಡವನು ಈಗ ಕೂತು, ಅವಳ ಹೆಗಲನ್ನು ಮುಳುಗುವವನಂತೆ ಹಿಡಿದಿದ್ದ.

"ಮೇಡಂ, ಕಾಲು ತೆಗೀತಾರಾ?"

"ಮಾತಾಡ್ಬೇಡಿ."

"ತೆಗೆದ್ರೆ ನಿಮ್ಮ ಯಂತ್ರದ ಕಾಲು ನಂಗೆ ಕೊಡ್ತೀರಾ? ನಾನೇ ಮಾಡಿದ್ದು, ಚೆನ್ನಾಗೈತೆ."

"ಸಿದ್ದೇಶ್, ಇನ್ನೊಂದು ಮಾತಾಡಿದ್ರೆ ಇಲ್ಲೇ ಇಳಿಸಿ ನಾನೊಬ್ಬಳೇ ಆಸ್ಪತ್ರೆಗೆ ಹೋಗ್ತೀನಿ." ಅವಳ ದನಿ ಒಡೆದಿತ್ತು. ಆ ಒಡಕು ಕೇಳಿ ಅವನ ಹೆದರಿಕೆ ಇನ್ನೊಂದು ಆಳು ಎತ್ತರಕ್ಕೆ ಬೆಳೆಯಿತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರು ಪ್ರೇಮ್‌ಕುಮಾರ್. ಸುತ್ತ ಅಪಘಾತ, ರಕ್ತ, ಗೋಳು. ಅದರ ನಡುವೆ ಈ ಸೊಳ್ಳೆ ಕಚ್ಚಿದ ಚುಕ್ಕೆ. ಡಾಕ್ಟರು ಕನ್ನಡಕ ಮೇಲೇರಿಸಿ ಕೇಳಿದರು: "ನೋವಿದೆಯೇನ್ರೀ?"

ಸಿದ್ದೇಶನಿಗೆ ಲೋಕವೇ ಸ್ತಬ್ಧವಾಯಿತು. ಇಲ್ಲ ಎಂದರೆ ಮುಗಿಯಿತು: ಒಂದು ಇಂಜೆಕ್ಷನ್, ಮನೆಗೆ. ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ ಧರಣಿ ಬಾಯಿ ತೆರೆದಳು: "ಡಾಕ್ಟ್ರೇ, ಇವರಿಗೆ..."

"ನಾನೇ ಹೇಳ್ತೀನಿ," ಎಂದ ಸಿದ್ದೇಶ.

ಅಷ್ಟೂ ಲಾರಿಗಳಿಗಿಂತ ಭಾರದ ಮಾತು ಅದು. ಯಾವ ಜಾಕೂ ಇಲ್ಲದೆ ಎತ್ತಿದ.

"ನೋವಿಲ್ಲ ಸಾರ್. ನಂಗೆ ಶುಗರ್ ಐತೆ, ನಾಲ್ಕು ವರ್ಷ ಆಯ್ತು, ಮಾತ್ರೆ ಸರಿಯಾಗಿ ತಗೊಂಡಿಲ್ಲ. ಕಾಲಲ್ಲಿ ಏನೂ ಗೊತ್ತಾಗಲ್ಲ. ಅದಕ್ಕೇ ನೋವಿಲ್ಲ. ಪಂಪಿನ ಎಣ್ಣೆ ಸಾರ್, ಜೆಸಿಬಿ ಕೈ ಎತ್ತೋ ಅಷ್ಟು ಒತ್ತಡದ್ದು, ಒಳಕ್ಕೋಗೈತೆ. ಮೇಲೆ ಚುಕ್ಕೆ, ಒಳಗೆಷ್ಟು ಅಂತ ಗೊತ್ತಿಲ್ಲ." ಆಮೇಲೆ ಡಾಕ್ಟರನ್ನು ಬಿಟ್ಟು ಧರಣಿಯ ಕಡೆ ತಿರುಗಿದ. "ಅವತ್ತು ನಿಮ್ಗೆ ಸುಳ್ಳು ಹೇಳ್ದೆ. ಬಳೆ ಸದ್ದು ಕೇಳಿ ಹ್ಞೂಂ ಅಂದೆ. ಭಯ ಆಯ್ತದೆ ಮೇಡಂ. ನಂಗೆ ತುಂಬ ಭಯ ಆಯ್ತದೆ."

ಡಾಕ್ಟರ ಕನ್ನಡಕ ಕೆಳಗಿಳಿಯಿತು. ಮುಂದಿನದೆಲ್ಲ ಓಟ: ಎಕ್ಸ್‌ರೇ, ಸರ್ಜನ್, ಚಕ್ರದ ಮಂಚ. ಪಾದದೊಳಗೆ ಎಣ್ಣೆ ಅಂಗೈಯಗಲ ಹರಡಿತ್ತು. ಬೆಳಗಿನ ತನಕ ಬಿಟ್ಟಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರು ಸರ್ಜನ್. ಉಳಿಯುತ್ತದೆಂದು ಈಗಲೂ ಹೇಳಲಾರೆ ಎಂದೂ ಸೇರಿಸಿದರು. ಬಾಗಿಲು ಮುಚ್ಚುವಾಗ ಸಿದ್ದೇಶನಿಗೆ ಕಂಡದ್ದು ಧರಣಿಯ ಮುಖ ಮಾತ್ರ. ಸಾವಿರ ರೋಗಿಗಳ ಪಾದ ನೋಡಿದ ಹುಡುಗಿ ಒಂದು ಪಾದಕ್ಕಾಗಿ ಗೋಡೆ ಹಿಡಿದು ನಿಂತಿದ್ದಳು.

ಪಾದ ಉಳಿಯಿತು. ಕಿರುಬೆರಳು ಹೋಯಿತು.

ಗಾಯ ಮಾಯುವ ತನಕ ಆಸ್ಪತ್ರೆಯಲ್ಲೇ ಇರಬೇಕಾಯಿತು. ಚಿಕ್ಕಮಾದಮ್ಮ ಹಗಲು ಹೊತ್ತು ಮಗನನ್ನು ಬೈಯುತ್ತ, ನಡುನಡುವೆ ಅಳುತ್ತ, ಸಪ್ಪೆ ಸಾರು ಕುಡಿಸಿದಳು. ಮನೋಹರ್ ಬಂದು, "ಒಂಬತ್ತು ಬೆರಳಿಗೆ ಬೂಟಲ್ಲಿ ಡಿಸ್ಕೌಂಟ್ ಕೇಳು," ಎಂದು ಹೇಳಿ, ಹೊರಗೆ ಹೋಗಿ ಕಣ್ಣೊರೆಸಿಕೊಂಡ. ಆಮೇಲೆ ತನ್ನದೇ ಎರಡೂ ಕಾಲು ಧರಣಿಗೆ ತೋರಿಸಿ ಬಂದ. ಧರಣಿ ದಿನಾ ಸಂಜೆ ಬರುತ್ತಿದ್ದಳು. ಒಂದು ಸಂಜೆ ತಾಯಿ ಬಟ್ಟೆ ಒಗೆಯಲು ಹೋದ ಹೊತ್ತು, ಅವನು ಇಷ್ಟು ದಿನ ಹೊತ್ತಿದ್ದನ್ನು ಇಳಿಸಿದ.

"ಅವತ್ತು ಯಾಕೆ ಸುಳ್ಳು ಹೇಳ್ದೆ ಗೊತ್ತಾ ಮೇಡಂ?"

"ಭಯಕ್ಕೆ."

"ಹ್ಞೂಂ. ಆದ್ರೆ ಕಾಲು ಹೋಗ್ತದೆ ಅಂತಲ್ಲ. ನೀವು ನನ್ನನ್ನ ರೋಗಿಗಳ ಸಾಲಿಗೆ ಹಾಕ್ಬುಡ್ತೀರಾ ಅಂತ. ಒಂದ್ಸಲ ರೋಗಿ ಅಂತ ನೋಡಿದ್ಮೇಲೆ ಯಾರೂ ಬೇರೆ ಥರ ನೋಡಲ್ಲ."

ಧರಣಿ ಅವನ ಎಡಗಾಲನ್ನು ತನ್ನ ಮಡಿಲ ಮೇಲಿನ ಟವೆಲ್ಲಿಗೆ ಎಳೆದುಕೊಂಡಳು. "ನಾನು ನಿಮ್ಮನ್ನ ಯಾವ ಸಾಲಿಗೂ ಹಾಕಿಲ್ಲ. ನನ್ನ ಸಂಶೋಧನೆಯಿಂದಾನೇ ತೆಗೆದುಬಿಟ್ಟೆ."

"ಸುಳ್ಳು ಹೇಳ್ದೆ ಅಂತಾನಾ?"

"ಅದಕ್ಕೂ ಮುಂಚೆ. ಇಷ್ಟಪಟ್ಟೋರ ಪಾದ ಅಳೆದ್ರೆ ಲೆಕ್ಕ ಸರಿ ಬರಲ್ಲ."

ವಾರ್ಡಿನ ಫ್ಯಾನು ತಿರುಗುವುದನ್ನು ಮರೆಯಿತು.

"ಮುಂಚೇನೇ ತೆಗೆದಿದ್ರೆ, ಮತ್ತೆ ಆ ದಿನ ಪರೀಕ್ಷೆ ಯಾಕೆ ಮಾಡಿದ್ರಿ?"

ಅವಳು ತಲೆ ಎತ್ತಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. "ಮೂರು ತಿಂಗಳಿಂದ ಬೂಟೇ ಬಿಚ್ಚಿರಲಿಲ್ಲ ನೀವು. ಕಬ್ಬಿಣ ಅಂದ್ಕೊಂಡು ಓಡಾಡೋರನ್ನ ಕಂಡ್ರೆ ನನಗೆ ಮೊದಲಿಂದಲೂ ಭಯ. ನೋಡ್ಬೇಕಿತ್ತು. ನೋಡಿದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ."

"ನಿಮ್ಗೂ ಭಯಾನಾ?"

"ನಿಮಗಿಂತ ಜಾಸ್ತಿ. ಮುಂದೇನಾಗಬಹುದು ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು."

ಅವಳು ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬೆರಳು ಬೆರಳಿನ ಸಂದು, ಹಿಮ್ಮಡಿಯ ಬಿರುಕು, ಹೊಲಿಗೆಯ ಅಂಚು, ಎಲ್ಲವನ್ನೂ ನೋಡಿದಳು. ಅವಳ ಬೆರಳು ತಾಕಿದ್ದು ಅವನಿಗೆ ತಿಳಿಯಲಿಲ್ಲ. ನೋಡಿದ, ನೋಡುತ್ತಲೇ ಇದ್ದ.

"ಇದು ಇನ್ಮೇಲೆ ದಿನಾ ಆಗ್ಬೇಕು," ಎಂದಳು. "ಪ್ರತಿ ದಿನ, ಎರಡೂ ಪಾದ, ಅಂಗಾಲೂ ಸೇರಿ. ನಿಮಗೇ ಪೂರ್ತಿ ಕಾಣಲ್ಲ. ಇನ್ನೊಬ್ಬರು ಬೇಕು."

"ಸೆಂಟರ್‌ನಿಂದ ಯಾರ್ನಾದ್ರೂ ಕಳಿಸ್ತಾರಾ?"

"ಇಲ್ಲ. ಮನೆಯೋರೇ ನೋಡ್ಬೇಕು."

"ಅವ್ವಂಗೆ ಕಣ್ಣು ಮಂಜು." ಅವನು ಆಪರೇಷನ್ ಬಾಗಿಲಲ್ಲೂ ಇಷ್ಟು ಹೆದರಿರಲಿಲ್ಲ. "ಯಾವ ಮನೆಯೋರು, ಧರಣಿ?"

ಧರಣಿ ಎಡಗಾಲನ್ನು ಮೆಲ್ಲಗೆ ಹಾಸಿಗೆಗೆ ಇಳಿಸಿದಳು. ಟವೆಲ್ಲನ್ನು ಕೊಡವಿ ಮತ್ತೆ ಮಡಿಲ ಮೇಲೆ ಹಾಸಿಕೊಂಡಳು.

"ಇನ್ನೊಂದು ಕಾಲು ಕೊಡಿ," ಎಂದಳು.